ನಾಲ್ಕನೇ ಬಾಟ್ಲಿ ಮತ್ತು ಅಜ್ಜಿಯ ಕಂಬಳಿ

ದೇವಸಮುದ್ರದ ಹತ್ತಿರದ ಒಂದು ಹಳ್ಳಿಯಲ್ಲಿ ಒಬ್ಬ ಅಜ್ಜಿ ಇದ್ದರು. ಮನೆಗೆ ಯಾರೇ ಬರಲಿ, ಗೂಟದಿಂದ ಕರಿ ಕಂಬಳಿ ಇಳಿಸುವರು, ಎರಡು ಸಲ ಕೊಡವುವರು, ಅದರ ಮೂಲೆಯೊಂದನ್ನು ಮೂಗಿಗೆ ಹಿಡಿದು ಕಣ್ಣು ಮುಚ್ಚಿ ಮೂಸುವರು, ತಲೆ ಅಲ್ಲಾಡಿಸುವರು, ಆಮೇಲೆ ಹಾಸಿ "ಕುಂದ್ರವ್ವ" ಅನ್ನುವರು. ಮೊದಲ ದಿನ ನಾನು ಇದನ್ನು ಕುರಿ ಸಾಕುವವರ ಮನೆಯ ಸಂಪ್ರದಾಯ ಅಂದುಕೊಂಡು ಡೈರಿಯಲ್ಲಿ ಬರೆದುಕೊಂಡೆ.

ಸಂಪ್ರದಾಯ ಅಲ್ಲವಂತೆ. ಎಂಟು ತಿಂಗಳ ಹಿಂದೆ ಊರಿನ ಹಿರಿಯರು ಅದೇ ಕಂಬಳಿಯ ಮೇಲೆ ಕೂತಿದ್ದಾಗ ಬಸುರಿ ಸೊಸೆ ಮೂಗಿಗೆ ಸೆರಗು ಹಿಡಿದು, "ಇದು ಉಚ್ಚೆ ವಾಸ್ನೆ ಬರ್ತೈತೆ" ಅಂದುಬಿಟ್ಟಿದ್ದಳು. ಆ ಕಡೆ ಕಂಬಳಿ ಅಂದರೆ ಬರೀ ಹಾಸಿಗೆ ಅಲ್ಲ. ದೇವರ ಕಾರ್ಯಕ್ಕೂ ಅದೇ, ನ್ಯಾಯ ಹೇಳುವವರಿಗೂ ಅದೇ. ಗಂಡ ಮೂಸಿ ನೋಡಿ "ಏನೂ ಇಲ್ಲ" ಅಂದ. ಅತ್ತೆ ಮೂಸಿ "ಏನೂ ಇಲ್ಲ" ಅಂದರು. ಹಿರಿಯರು ಮೂಸುವ ಗೋಜಿಗೆ ಹೋಗದೆ ಹಾಗೇ ಅಂದರು. ಅಲ್ಲಿಗೆ ಹುಡುಗಿ ಸುಳ್ಳಿ ಅಂತಾಯಿತು. ಅವಳು ಚಳ್ಳಕೆರೆಯ ತವರಿಗೆ ಹೋದವಳು, ಹೆರಿಗೆಯಾಗಿ ಮಗುವಿಗೆ ಮೂರು ತಿಂಗಳು ತುಂಬಿದರೂ ವಾಪಸ್ ಬಂದಿರಲಿಲ್ಲ.

"ಒಗೆದುಬಿಡಬಹುದಲ್ಲ ಅಜ್ಜಿ?" ಅಂದೆ ಮೆಲ್ಲಗೆ.

"ಇಲ್ಲದ್ ವಾಸ್ನೆ ಒಗೆದ್ರೆ ಇತ್ತು ಅಂತ ಒಪ್ಕೊಂಡಂಗಲ್ವೇನವ್ವ? ಇದ್ರೆ ಒಗೀತೀನಿ. ಅದಕ್ಕೇ ದಿನಾ ಹುಡುಕ್ತಾ ಇದೀನಿ. ನನ್ನ ಮೊಮ್ಮಗನ ಮುಖ ಇನ್ನೂ ನೋಡಿಲ್ಲ" ಅಂದರು. ಆಮೇಲೆ ಕಂಬಳಿಯ ಮೂಲೆಯನ್ನು ನನ್ನ ಮುಖಕ್ಕೇ ಹಿಡಿದರು. "ನೀನು ಮೂಗಿನ ಡಾಕ್ಟ್ರಂತೆ. ಮೂಸಿ ಹೇಳು."

ನಾನು ಡಾಕ್ಟರೂ ಅಲ್ಲ, ನ್ಯಾಯ ಹೇಳಲು ಹೋದವಳೂ ಅಲ್ಲ. ಆದರೆ ವಾಸನೆಗಳನ್ನು ಬಾಟ್ಲಿಯಲ್ಲಿ ತುಂಬಿಕೊಂಡು ಊರೂರು ತಿರುಗುವವಳಿಗೆ ಇಂಥವು ತಪ್ಪುವುದಿಲ್ಲ. ಎರಡು ಸಾವಿರದ ಎಂಟರಲ್ಲಿ ನನಗೆ ತಪ್ಪದೇ ಬಂದ ಕೆಲವನ್ನು ಇಲ್ಲಿ ಬರೆದಿದ್ದೇನೆ.

೧. ಮೊದಲು ನನ್ನ ಮೂಗು

ನಾನು ಓದಿದ್ದು ಇಂಗ್ಲಿಷ್ ಮೀಡಿಯಂ, ಆಮೇಲೆ ಬಯೋಟೆಕ್ನಾಲಜಿ. ಕೆಲಸ ಸಿಕ್ಕಿದ್ದು ಒಂದು ಪ್ರಾಜೆಕ್ಟಿನಲ್ಲಿ, ಒಂದು ವರ್ಷದ ಮಟ್ಟಿಗೆ. ನಮ್ಮ ಮೂಗಿನ ಮೇಲ್ಭಾಗದಲ್ಲಿ ವಾಸನೆ ಹಿಡಿಯುವ ಪ್ರೋಟೀನುಗಳಿವೆ, ನೂರಾರು ಬಗೆ. ಒಂದೊಂದನ್ನು ತಯಾರಿಸುವುದಕ್ಕೆ ಒಂದೊಂದು ಜೀನ್. ನಮ್ಮ ಪ್ರಾಜೆಕ್ಟು ಅದರಲ್ಲಿ ಒಂದೇ ಒಂದರ ಹಿಂದೆ ಬಿದ್ದಿತ್ತು. ಅದರ ಹೆಸರು ಓಆರ್ ಸೆವೆನ್ ಡಿ ಫೋರ್. ಅದು ಹಿಡಿಯುವುದು ಗಂಡಸರ ಬೆವರಿನಲ್ಲಿರುವ ಒಂದು ಪದಾರ್ಥದ ವಾಸನೆ. ಜೀನಿನಲ್ಲಿ ಒಂದೆರಡು ಅಕ್ಷರ ಬೇರೆಯಾದರೆ ಸಾಕು, ಒಬ್ಬರಿಗೆ ಅದು ಉಚ್ಚೆಯ ಹಾಗೆ ನಾರುತ್ತದೆ, ಇನ್ನೊಬ್ಬರಿಗೆ ಸಿಹಿ ಅನ್ನಿಸುತ್ತದೆ, ಮತ್ತೊಬ್ಬರಿಗೆ ಏನೂ ಇಲ್ಲ. ಆ ಪದಾರ್ಥ ನನ್ನ ಪೆಟ್ಟಿಗೆಯ ನಾಲ್ಕನೇ ಬಾಟ್ಲಿಯಲ್ಲಿತ್ತು.

ಜೊತೆಗೆ ಒಂದು ಹಳೇ ಜೀಪು, ಒಬ್ಬ ಡ್ರೈವರಣ್ಣ. ಮೊಳಕಾಲ್ಮೂರಿನ ಕಡೆಯವರು. ಅರ್ಧ ತೆಲುಗು, ಅರ್ಧ ಕನ್ನಡ. ನಾನು ಹೇಳಿದ ಕನ್ನಡವನ್ನು ಜನಕ್ಕೆ ಮತ್ತೆ ಕನ್ನಡದಲ್ಲಿ ಹೇಳುವುದು ಅವರ ಹೆಚ್ಚುವರಿ ಕೆಲಸ. "ದಯವಿಟ್ಟು ನಿಧಾನವಾಗಿ ಆಘ್ರಾಣಿಸಿ" ಅಂತ ನಾನು ಅಂದರೆ, "ಮೂಸ್ರಲೇ" ಅನ್ನುತ್ತಿದ್ದರು.

ಜೀನಿನ ಹೆಸರು ಕೇಳಿ ಅವರು ತುಂಬಾ ಹೊತ್ತು ಯೋಚಿಸಿದರು. "ಓಆರ್ ಅಂದ್ರೆ ಒರಿಸ್ಸಾ ಪಾಸಿಂಗ್ ಗಾಡಿ ಅಲ್ವಾ ಮೇಡಂ? ಒರಿಸ್ಸಾದ್ದು ನಮ್ಮ ಜನದ ಮೂಗಿಗೆ ಹೆಂಗೆ ಬಂತು?"

ಇಷ್ಟಕ್ಕೆಲ್ಲ ಮುಖ್ಯಸ್ಥೆಯಾದ ನನಗೆ ಧೂಳಿಗೆ ವರ್ಷದಲ್ಲಿ ಎಂಟು ತಿಂಗಳು ನೆಗಡಿ. ಅಜ್ಜಿ ಕಂಬಳಿ ಹಿಡಿದಾಗಲೂ ಮೂಗು ಕಟ್ಟಿತ್ತು. ಕೈವಸ್ತ್ರ ತೆಗೆದು ಸೀನಿದೆ. ಅಜ್ಜಿ ಡ್ರೈವರಣ್ಣನ ಕಡೆ ತಿರುಗಿ, "ಇದನ್ನ ಕಳ್ಸಿದೋನು ಯಾವನಪ್ಪಾ?" ಅಂದರು.

೨. ಪಾಸು, ಫೇಲು

ಒಂದು ಊರಲ್ಲಿ, ಶಾಲೆಯ ಜಗುಲಿಯಲ್ಲಿ ಪರೀಕ್ಷೆ ಅಂತ ಮೇಷ್ಟರು ಡಂಗುರ ಸಾರಿಸಿದ್ದೇ ತಪ್ಪಾಯಿತು. ಪರೀಕ್ಷೆ ಅಂದ ಮೇಲೆ ಜನ ಪರೀಕ್ಷೆಯ ಹಾಗೇ ಬಂದರು. ತಲೆಗೆ ಎಣ್ಣೆ ಹಾಕಿ ಬಾಚಿಕೊಂಡು, ಹಣೆಗೆ ವಿಭೂತಿ ಇಟ್ಟುಕೊಂಡು. ಮೊದಲನೆಯವನು ಒಂದನೇ ಬಾಟ್ಲಿ ಮೂಸಿ "ಲವಂಗ!" ಅಂತ ಕೂಗಿದ. ಅಲ್ಲಿಂದ ಮುಂದೆ ಯಾರೂ ಮೂಸಲಿಲ್ಲ. ಬಾಟ್ಲಿ ಎತ್ತುವುದು, ಲವಂಗ ಅನ್ನುವುದು, ಇಡುವುದು.

ಮಧ್ಯಾಹ್ನದ ಮೇಲೆ ಒಬ್ಬೊಬ್ಬರನ್ನೇ ಒಳಗೆ ಕರೆದೆ. ಆಗ ಹೊರಗೆ ಹೋದವರು ಮುಂದಿನವರಿಗೆ ಹೇಳಿಕೊಡತೊಡಗಿದರು. ಕಿಟಕಿಯಲ್ಲಿ ಕೇಳಿಸುತ್ತಿತ್ತು: "ಒಂದು ಲವಂಗ, ಎರಡು ಹುಣಸೆಹುಳಿ. ಮೂರ್ನೇದ್ರಾಗೆ ಏನೂ ಇರಲ್ಲ, ಆದ್ರೂ ಏನಾರ ಹೇಳಲೇ. ಸುಮ್ಕಿದ್ರೆ ಫೇಲು." ಮೂರನೆಯದರಲ್ಲಿ ನಿಜಕ್ಕೂ ಏನೂ ಇರಲಿಲ್ಲ. ಅದೇ ಅದರ ಉದ್ದೇಶ. ಆ ದಿನ ಅದರಿಂದ ಗುಲಾಬಿ, ಡೀಸೆಲ್ಲು, ಹೊಸ ಸೀರೆ, ಎರಡು ಸಲ ಬಿರಿಯಾನಿ ಬಂದವು. ನಾನು ಸದ್ದಿಲ್ಲದೆ ಬಾಟ್ಲಿಗಳ ಸಾಲು ಬದಲಾಯಿಸಿದೆ. ಆಗ ಇಡೀ ಬೀದಿ ಒಬ್ಬೊಬ್ಬರಾಗಿ ಬಂದು ಹುಳಿಯನ್ನು ಮೂಸಿ, ಮುಖ ಕಿವುಚಿಕೊಂಡು, "ಲವಂಗ" ಅಂದಿತು.

ಸಂಜೆ ಪೆಟ್ಟಿಗೆ ಮುಚ್ಚುವಾಗ ಒಬ್ಬ ಹೆಂಗಸು ಕಂಬದ ಪಕ್ಕ ನಿಂತಿದ್ದಳು.

"ನಮ್ಮನೆಯವರು ಪಾಸಾದ್ರಾ ಮೇಡಂ?"

"ಇದರಲ್ಲಿ ಪಾಸು ಫೇಲು ಅಂತ ಇರಲ್ಲಮ್ಮ. ಯಾರಿಗೆ ಹೇಗೆ ಬರುತ್ತೋ ಅದೇ ಸರಿ."

ಅವಳು ನಿಟ್ಟುಸಿರು ಬಿಟ್ಟಳು. "ಫೇಲು ಅನ್ನಿ. ನೀವು ಒಳ್ಳೇರು, ಮುಖ ನೋಡಿ ಹೇಳಕ್ಕಾಗಲ್ಲ ನಿಮಗೆ. ನನಗೆ ಗೊತ್ತಿತ್ತು ಬಿಡಿ."

೩. ಕೂಡು ಕುಟುಂಬ

ಮೂಸಿದ ಮೇಲೆ ಎಂಜಲು ಕೊಡಬೇಕು. ಜೀನ್ ನೋಡುವುದು ಅದರಿಂದಲೇ. ಚಿಕ್ಕ ನಳಿಕೆ, ಗೆರೆಯವರೆಗೆ ಉಗುಳಬೇಕು, ಅದಕ್ಕೆ ಮೊದಲು ಅರ್ಧ ಗಂಟೆ ಬಾಯಿಗೆ ಏನೂ ಹಾಕುವಂತಿಲ್ಲ. ಎಲೆ-ಅಡಿಕೆ ಹಾಕುವ ಊರಲ್ಲಿ ಅರ್ಧ ಗಂಟೆ ಅಂದರೆ ಉಪವಾಸ ಸತ್ಯಾಗ್ರಹ. ಪರ ಊರಿನ ಹುಡುಗಿಯ ಕೈಗೆ ಎಂಜಲು ಕೊಡುವುದೆಂದರೆ ಇನ್ನೂ ಕಷ್ಟ. "ಮಾಟ ಮಾಡಕ್ಕಾ?" ಅಂತ ಕೇಳಿದವರೇ ಹೆಚ್ಚು. ನಾನು ಕೆಂಪಗಾಗಿ ನೆಲ ನೋಡುತ್ತಿದ್ದೆ. ಡ್ರೈವರಣ್ಣ, "ನಿಮಗೆ ಮಾಟ ಮಾಡಿ ಏನ್ ಸಿಗ್ತೈತ್ರಲೇ?" ಅಂತ ಕೇಳಿ ಅನುಮಾನ ಪರಿಹರಿಸುತ್ತಿದ್ದರು.

ಮೊಳಕಾಲ್ಮೂರಿನ ಹತ್ತಿರ ಒಂದು ದೊಡ್ಡ ಮನೆ. ಹನ್ನೊಂದು ಜನ. ಹನ್ನೊಂದು ನಳಿಕೆ ಕೊಟ್ಟು, ಒಂದು ಗಂಟೆ ಬಿಟ್ಟು ಬರುತ್ತೇನೆ ಅಂತ ಪಕ್ಕದ ಮನೆಗೆ ಹೋದೆ. ಬಂದಾಗ ಯಜಮಾನರು ಹತ್ತು ಖಾಲಿ ನಳಿಕೆಗಳನ್ನು ಜೋಡಿಸಿ, ಒಂದನ್ನು ಕಂಠಪೂರ್ತಿ ತುಂಬಿಸಿ, ಮುಚ್ಚಳ ಬಿಗಿದು ತಟ್ಟೆಯಲ್ಲಿಟ್ಟುಕೊಂಡು ಕಾಯುತ್ತಿದ್ದರು.

"ಇದು ಯಾರದ್ದು?" ಅಂದೆ.

"ಎಲ್ಲಾರ್ದೂ."

"ಬೇರೆ ಬೇರೆ ಕೊಡಬೇಕಿತ್ತು..."

ಯಜಮಾನರ ಮುಖ ಬಿಗಿಯಿತು. "ನೋಡು ತಾಯಿ, ನಮ್ಮಪ್ಪನ ಕಾಲದಿಂದ ಈ ಮನೇಲಿ ಒಂದೇ ಒಲೆ. ನಾವಿನ್ನೂ ಬೇರೆ ಆಗಿಲ್ಲ. ನಿನ್ನ ನಳಿಕೆಗೋಸ್ಕರ ಪಾಲಾಗ್ಬೇಕಾ?"

೪. ಚೌಕ ಸಾಲದು

ಕಂಬಳಿಯ ಅಜ್ಜಿಯೂ ಅವರ ಮಗನೂ ಮನೆಯಲ್ಲೇ ಪರೀಕ್ಷೆ ಕೊಟ್ಟರು. ಮಗ ಕುರಿ ಮೇಯಿಸಿಕೊಂಡು ಬಂದವನು, ಹೆಗಲ ಮೇಲೆ ಅವನದೇ ಇನ್ನೊಂದು ಕಂಬಳಿ. ಮಾತು ಕಡಿಮೆ. ನಾಲ್ಕನೇ ಬಾಟ್ಲಿ ಮೂಸಿ, ತಿರುಗಿಸಿ ನೋಡಿ, ಇನ್ನೊಮ್ಮೆ ಮೂಸಿ, "ಖಾಲಿ ಬಾಟ್ಲಿ ಕೊಟ್ಟು ಆಟ ಆಡಿಸ್ತೀರೇನ್ರಿ?" ಅಂದ. ನನಗೆ ನೆಗಡಿಯಲ್ಲೂ ಅಯ್ಯೋ ಅನ್ನಿಸಿತು. ಹೆಂಡತಿಗೆ ಉಚ್ಚೆ ಅನ್ನಿಸಿದ್ದು ಇವನಿಗೆ ಗಾಳಿ ಇದ್ದ ಹಾಗೆ. ಅವನೂ ಸುಳ್ಳು ಹೇಳಿರಲಿಲ್ಲ.

ಅಜ್ಜಿ ಅದೇ ಬಾಟ್ಲಿ ಮೂಸಿದರು. ಮುಖ ಅರಳಿತು. "ಒಳ್ಳೆ ಸಂಪಿಗೆ ಹೂವಿನಂಗೈತೆ." ಇನ್ನೊಮ್ಮೆ ಮೂಸಿದರು. "ನಮ್ಮ ಯಜಮಾನ ಕುರಿ ರೊಪ್ಪದಿಂದ ಬಂದು ಪಕ್ಕಕ್ಕೆ ಕುಂತ್ರೆ ಹಿಂಗೇ ಇರೋದು." ಬಾಟ್ಲಿ ವಾಪಸ್ ಕೊಡಲು ಅವರಿಗೆ ಮನಸ್ಸಿರಲಿಲ್ಲ. ನಾನೂ ಸ್ವಲ್ಪ ಹೊತ್ತು ಕೇಳಲಿಲ್ಲ.

ಕಂಬಳಿಯಲ್ಲಿ ಇದೇ ವಾಸನೆ ಅವರಿಗೆ ಯಾಕೆ ಸಿಗುತ್ತಿರಲಿಲ್ಲ ಅಂದರೆ, ಯಜಮಾನರ ಜೊತೆ ನಲವತ್ತು ವರ್ಷ ಹೊದ್ದ ವಾಸನೆ ಮೂಗಿಗೆ ಲೆಕ್ಕಕ್ಕೆ ಬರುವುದಿಲ್ಲ, ಅಷ್ಟೇ.

ಫಾರಂನಲ್ಲಿ ಗುರುತು ಹಾಕುವುದು ದೊಡ್ಡ ತಲೆನೋವಾಯಿತು. "ಹೂವು" ಅಂತ ಒಂದು ಚೌಕ ಇತ್ತು. "ಯಜಮಾನ" ಅಂತ ಇರಲಿಲ್ಲ.

೫. ಸಾರ್ ಮೂಗು

ಪ್ರಾಜೆಕ್ಟಿನ ಸಾರ್ ದೂರದ ಊರಲ್ಲಿದ್ದರು. ಸೋಮವಾರ ಸೋಮವಾರ ಫೋನು. ನಾನು ಚಳ್ಳಕೆರೆ ಬಸ್‌ಸ್ಟ್ಯಾಂಡಿನ ಎಸ್‌ಟಿಡಿ ಬೂತಿನಲ್ಲಿ, ಖಾಸಗಿ ಬಸ್ಸುಗಳ ಹಾರ್ನಿನ ಮಧ್ಯೆ ಒಂದು ಕಿವಿ ಮುಚ್ಚಿಕೊಂಡು ವರದಿ ಒಪ್ಪಿಸಬೇಕು. ಒಂದು ವಾರ ಅವರು, "ನಾಲ್ಕನೇ ಬಾಟ್ಲಿ ಸರಿ ಇಲ್ಲ. ಇಲ್ಲಿರೋದೂ ಅಷ್ಟೆ. ಆವಿಯಾಗಿ ಹೋಗಿದೆ. ಹೊಸದು ಕಳಿಸ್ತೀನಿ" ಅಂದರು. ಕಳಿಸಿದರು. ಮುಂದಿನ ವಾರ, "ಅದೂ ಸರಿ ಇಲ್ಲ" ಅಂದರು. ಮತ್ತೊಂದು ಕಳಿಸಿದರು.

ತಿಂಗಳ ಮೀಟಿಂಗಿಗೆ ಹೋದಾಗ ಸಾರ್ ರೂಮಿನ ಹೊರಗೆ ಗುಮಾಸ್ತೆ ಮೇಡಂ ಮೇಜು ಹಾಕಿಕೊಂಡು ಕೂತಿದ್ದರು, ಮೂಗಿಗೆ ಕರ್ಪೂರ ಹಿಡಿದುಕೊಂಡು. "ಆ ನಾಲ್ಕನೇ ನಂಬರಿಂದೇ ನಾಲ್ಕು ಬಾಟ್ಲಿ ಮುಚ್ಚಳ ತೆಗೆದು ಕಿಟಕಿ ಮೇಲೆ ಸಾಲಾಗಿ ಇಟ್ಟಿದಾರೆ ಕಣಮ್ಮಾ, ಯಾವುದರಲ್ಲಿ ವಾಸನೆ ಬರುತ್ತೋ ನೋಡೋಣ ಅಂತ. ಹದಿನೈದು ದಿನ ಆಯ್ತು" ಅಂದರು.

ಒಳಗೆ ಸಾರ್ ಅದೇ ಕಿಟಕಿಯ ಕೆಳಗೆ ಕೂತು ಮೊಸರನ್ನ ತಿನ್ನುತ್ತಿದ್ದರು. "ಬಾಮ್ಮಾ. ಈ ವಾಸನೆ ಬರದೇ ಇರೋ ಜನ ನಮ್ಮಲ್ಲಿ ಎಷ್ಟಿದಾರೆ ಅಂತ ಮೊದಲು ಗೊತ್ತಾಗಬೇಕು. ಎಲ್ಲಿ ಹುಡುಕೋದು ಅಂತಾನೇ ತಿಳೀತಿಲ್ಲ" ಅಂದರು.

೬. ಮಿಲ್ಲಿನ ಪಕ್ಕದ ಮನೆ

ಸೊಸೆಯ ತವರು ಚಳ್ಳಕೆರೆಯಲ್ಲಿ, ಕಡಲೆಕಾಯಿ ಎಣ್ಣೆ ಮಿಲ್ಲಿನ ಗೋಡೆಗೆ ಅಂಟಿಕೊಂಡ ಮನೆ. ಅಪ್ಪ ಅದೇ ಮಿಲ್ಲಿನಲ್ಲಿ ಕೆಲಸ. ಆ ರಸ್ತೆಗೆ ಬಂದರೆ ಪರ ಊರಿನ ಬಸ್ಸಿನವರು ಕಿಟಕಿ ಎಳೆದುಕೊಳ್ಳುತ್ತಾರೆ. ಮಾತು ಶುರು ಮಾಡಲು ನಾನು, "ಎಣ್ಣೆ ವಾಸನೆ ಅಭ್ಯಾಸ ಆಗಿರಬೇಕು ಅಲ್ವಾ?" ಅಂದೆ. ಹುಡುಗಿಯ ತಾಯಿ ಸುತ್ತ ನೋಡಿ, "ಯಾವ ಎಣ್ಣೆ? ಒಲೆ ಮ್ಯಾಲೆ ಏನೂ ಇಟ್ಟಿಲ್ಲವಲ್ಲ" ಅಂದರು.

ಹುಡುಗಿ ಮಗುವನ್ನು ತೊಡೆ ಮೇಲೆ ಹಾಕಿಕೊಂಡು ನಾಲ್ಕನೇ ಬಾಟ್ಲಿ ಮೂಸಿದಳು. ಮೂಸಿದವಳೇ ಬಾಟ್ಲಿಯನ್ನು ಆದಷ್ಟು ದೂರ ಹಿಡಿದು ಕೂಗಿದಳು: "ಇದೇ! ಇದೇ ಕಣವ್ವ ಆ ಕಂಬಳಿ! ಇದನ್ನ ಬಾಟ್ಲಿಗೆ ಹೆಂಗೆ ತುಂಬಿದ್ರಿ ಮೇಡಂ?"

ಮೂಗಿನ ವಿಷಯವನ್ನು ನನಗೆ ತಿಳಿದ ಹಾಗೆ ಹೇಳಿದೆ. ಮಾರ್ಕೆಟ್ ಯಾರ್ಡಿನ ಅಂಗಡಿಗಳ ಹಾಗೆ ಅಂದೆ. ಒಂದು ಅಂಗಡಿ ಹುಣಸೆ ಮಾತ್ರ ತಗೊಳ್ಳುತ್ತೆ, ಒಂದು ಕಡಲೆಕಾಯಿ ಮಾತ್ರ. ಆ ಅಂಗಡಿ ಬಾಗಿಲು ಹಾಕಿದ್ದರೆ ಮಾಲು ಬಂದಿದ್ದೂ ಗೊತ್ತಾಗಲ್ಲ. ಅಂಗಡಿ ತೆರೆದಿರುತ್ತೋ ಮುಚ್ಚಿರುತ್ತೋ ಅನ್ನುವುದು ಅಪ್ಪನಿಂದ ಒಂದು, ಅವ್ವನಿಂದ ಒಂದು ಬರುವ ಜೀನಿನ ಮೇಲೆ.

ಅವಳು ತಲೆ ತಗ್ಗಿಸಿ ಕೇಳಿದಳು. "ಅವ್ರಿಗೆ ವಾಸ್ನೆ ಬರಲ್ವಾ ಹಂಗಾದ್ರೆ? ನಿಜವಾಗ್ಲೂ?"

ಒಬ್ಬರ ಫಲಿತಾಂಶ ಇನ್ನೊಬ್ಬರಿಗೆ ಹೇಳುವುದಿಲ್ಲ ಅಂತ ನಾನು ಸಹಿ ಹಾಕಿದ್ದೆ. ಬಾಟ್ಲಿ ಈಸಿಕೊಂಡು ಮುಚ್ಚಳ ಹಾಕಿದೆ.

"ವಾಸ್ನೆ ದೊಡ್ಡದಲ್ಲ ಮೇಡಂ. ಮಿಲ್ಲಿನ ಪಕ್ಕ ಹುಟ್ಟಿದೋಳು ನಾನು. ಆದ್ರೆ ಎಲ್ರ ಮುಂದೆ ಸುಳ್ಳಿ ಅಂದ್ರು. ಸುಳ್ಳಿ ಅಲ್ಲ ಅಂತ ಒಂದು ಕಾಗದ ಬರ್ಕೊಡಿ, ನಾಳೇನೇ ಹೊರಡ್ತೀನಿ."

ಬರೆದುಕೊಡುವ ಹಾಗಿರಲಿಲ್ಲ. ಆದರೆ ಸಹಿ ಹಾಕಿದ್ದು ನಾನು, ಡ್ರೈವರಣ್ಣ ಅಲ್ಲ. ಬಾಗಿಲಲ್ಲಿ ಬೀಡಿ ಸೇದುತ್ತಾ ನಿಂತಿದ್ದವರು ಎರಡೂ ಮನೆಯ ಮಾತು ಕೇಳಿಸಿಕೊಂಡಿದ್ದರು. ಮರುವಾರ ಜೀಪು ಕೆಟ್ಟು ಬಸ್ಸಿನಲ್ಲಿ ಹೋಗುವಾಗ ಕಂಡಕ್ಟರು ನನಗೆ ಟಿಕೆಟ್ ಕೊಡುತ್ತಾ, "ಆ ಕುರಿಯೋರ ಹುಡುಗಂಗೆ ಮೂಗಿನಾಗೆ ಅಂಗಡಿ ಮುಚ್ಚೈತಂತೆ, ಹೌದಾ ಮೇಡಂ?" ಅಂತ ವಿಚಾರಿಸಿದ.

೭. ಕಂಬಳಿ ಮೇಲಿನ ನ್ಯಾಯ

ಮೂರು ತಿಂಗಳ ಮೇಲೆ ಎರಡನೇ ಸುತ್ತಿನ ಪರೀಕ್ಷೆ. ಅಷ್ಟರಲ್ಲಿ ಸುದ್ದಿ ನನಗಿಂತ ಮೊದಲೇ ಊರು ಸೇರಿ ಹಿರಿಯರ ತನಕ ಹೋಗಿತ್ತು. ಹುಡುಗಿ ಅಪ್ಪನ ಜೊತೆ, ಮಗು ಎತ್ತಿಕೊಂಡು ಬಂದಿದ್ದಳು. ಒಂದೇ ಷರತ್ತು: ಸುಳ್ಳಿ ಅಂದ ನಾಲ್ಕು ಜನ ಹಿರಿಯರ ಮುಂದೆಯೇ ಎಲ್ಲರೂ ಮೂಸಬೇಕು. ಅವಳು ಅಂಗಳದಲ್ಲೇ ನಿಂತಳು, ಹೊಸಿಲು ದಾಟಲಿಲ್ಲ. ಅಜ್ಜಿ ಕಂಬಳಿ ಹಾಸಿದರು. ಕಣ್ಣೆಲ್ಲ ಮಗುವಿನ ಮೇಲೆ.

ನಾನು ಬಾಟ್ಲಿ ತೆಗೆದೆ. ಹೀಗೆ ಗುಂಪಿನಲ್ಲಿ ಮೂಸಿಸುವುದು ನಿಯಮಕ್ಕೆ ವಿರುದ್ಧ ಅಂತ ಹೇಳಬೇಕೆಂದು ಎರಡು ಸಲ ಬಾಯಿ ತೆರೆದೆ. ಎರಡು ಸಲವೂ ಸೀನು ಬಂತು.

ಗಂಡ ಮೂಸಿದ. "ಏನೂ ಇಲ್ಲ." ಮೊದಲನೇ ಹಿರಿಯರು ಮೂಸಿದರು. "ಏಮೀ ಲೇದು. ಏನೂ ಇಲ್ಲ." ಹುಡುಗಿಯ ಮುಖ ಸಣ್ಣಗಾಯಿತು. ಎರಡನೆಯವರು ಮೂಸಿದರು. "ಗಂಧ ತೇಯ್ದಂಗೈತೆ." ಮೊದಲನೆಯವರು ತಿರುಗಿದರು. "ಗಂಧ ಎಲ್ಲೈತಲೇ ಅದ್ರಾಗೆ?" "ಐತೆ ಕಣಲೇ, ನಿನಗೆ ಮೂಗಿಲ್ಲ." ಮೂರನೆಯವರು ಮೂಸಿ, "ಥೂ, ದನದ ಕೊಟ್ಟಿಗೆ!" ಅಂತ ಬಾಟ್ಲಿ ಕೈಬಿಟ್ಟರು. ಡ್ರೈವರಣ್ಣ ಹಿಡಿದರು. ಮೂವರೂ ಒಬ್ಬರನ್ನೊಬ್ಬರು ಸುಳ್ಳ ಅಂದುಕೊಂಡು ಎದ್ದು ನಿಂತರು.

ನಾಲ್ಕನೆಯವರು ಎಲ್ಲರಿಗಿಂತ ವಯಸ್ಸಾದವರು. ಅವರು ಬಾಟ್ಲಿ ಮುಟ್ಟಲೇ ಇಲ್ಲ. "ನನಗೆ ಬ್ಯಾಡ. ಈ ಕಂಬಳಿ ನನಗೂ ನಾರ್ತೈತೆ" ಅಂದರು.

ಎದ್ದು ನಿಂತಿದ್ದ ಮೂವರೂ ಕೂತುಬಿಟ್ಟರು.

"ಯಾವಾಗಿಂದ ಮಾವ?" ಅಂದರು ಅಜ್ಜಿ.

"ನಿಮ್ಮ ಮದುವೆ ದಿನದಿಂದ. ಮರ್ಯಾದೆಗೆ ಸುಮ್ಕಿದ್ದೆ. ಅದಕ್ಕೇ ನ್ಯಾಯ ಎಲ್ಲಾ ನಾನು ಬೇಗ ಬೇಗ ತೀರಿಸ್ತಿದ್ದುದು."

ಮೊದಲು ನಕ್ಕಿದ್ದು ಹುಡುಗಿ. ನಗುತ್ತಾ ಇದ್ದವಳು ಅಳತೊಡಗಿದಳು. ಗಂಡ ಹತ್ತಿರ ಹೋಗಿ, "ನೀನು ಅಂದಾಗೆಲ್ಲ ಮೂಸಿ ನೋಡ್ತಿದ್ದೆ ಕಣೇ. ನಿಜವಾಗ್ಲೂ ಏನೂ ಸಿಗ್ತಿರ್ಲಿಲ್ಲ" ಅಂದ. ನಾನು ಅವನ ಬಾಯಿಂದ ಕೇಳಿದ ಅತಿ ಉದ್ದದ ಮಾತು ಅದು.

"ನನಗೆ ಸಿಗಲ್ಲ ಅನ್ಬೇಕಿತ್ತು. ಇಲ್ಲ ಅಂತ ಯಾಕಂದ್ರಿ?"

ಅವನು ಹೆಗಲಿನ ಕಂಬಳಿ ತೆಗೆದು, ಅಂಗಳದಾಚೆ ಬೇಲಿಯ ಮೇಲೆ ಹಾಕಿ ಬಂದ. ಅಜ್ಜಿ ಹಾಸಿದ್ದನ್ನೂ ಎಳೆದರು. ಹಿರಿಯರು ಇನ್ನೂ ಮೇಲೆ ಇದ್ದರು. ಇಳಿಸಿ ಎಳೆದರು. "ಅಂಟುವಾಳದ ಕಾಯಿ ಹಾಕಿ ನಾಳೆ ಒಗೀತೀನಿ. ಈಗ ಒಳಗೆ ಬಾರವ್ವ. ಮಗೀಗೆ ಬಿಸಿಲು ಬಡೀತೈತೆ" ಅಂದರು. ಹುಡುಗಿ ಹೊಸಿಲು ದಾಟಿದಳು.

ನನಗೆ ಸುಸ್ತಾಗಿತ್ತು. ಜೀಪಿನ ಹಿಂದೆ ಪೆಟ್ಟಿಗೆ ಜೋಡಿಸುತ್ತಿದ್ದಾಗ ಅಜ್ಜಿ ಮೊಮ್ಮಗನನ್ನು ಸೊಂಟದ ಮೇಲೆ ಇಟ್ಟುಕೊಂಡು ಬಂದರು. ಸುತ್ತ ನೋಡಿ ದನಿ ತಗ್ಗಿಸಿದರು.

"ಅವ್ವಾ, ಮೂಗಿನ ಅಂಗಡಿ ಅಪ್ಪಂದೊಂದು ಅವ್ವಂದೊಂದು ಅಂತಲ್ಲ?"

"ಹೂಂ ಅಜ್ಜಿ."

"ಇವನಿಗೆ ಅವರ ಕಡೇದು ಬಂದಿದ್ರೆ ಬರ್ಲಿ, ಈಗೇನು ಮಾಡಕ್ಕಾಗ್ತೈತೆ. ಮುಂದಿನ ಮಗೀಗೆ ನಮ್ಮ ಕಡೇದು ಬರೋ ಹಂಗೆ ಮಾಡು. ಸಂಪಿಗೆ ಹೂವಿಂದು. ಮಗುವಿಗೆ ಅಪ್ಪನ ವಾಸ್ನೆ ಚೆನ್ನಾಗಿರಬೇಕಲ್ವಾ?"

ಅದು ನಮ್ಮ ಕೈಲಿಲ್ಲ, ಜೀನನ್ನು ಯಾರೂ ಮಂಜೂರು ಮಾಡುವುದಿಲ್ಲ ಅಂತ ಹೇಳಲು ಕನ್ನಡದಲ್ಲಿ ಪದ ಹುಡುಕುತ್ತಿದ್ದೆ. ಡ್ರೈವರಣ್ಣ ಎಂದೂ ಇಲ್ಲದ ಹಾಗೆ ಆಕಾಶ ನೋಡುತ್ತಾ ನಿಂತುಬಿಟ್ಟಿದ್ದರು. ಅಷ್ಟರಲ್ಲಿ ಅಜ್ಜಿ ನನ್ನ ಪೆಟ್ಟಿಗೆಯಿಂದ ಇಂಕ್ ಪ್ಯಾಡ್ ತಾವೇ ತೆಗೆದು, ಎಡ ಹೆಬ್ಬೆಟ್ಟನ್ನು ಚೆನ್ನಾಗಿ ಒತ್ತಿಕೊಂಡಿದ್ದರು. ನೀಲಿ ಬೆರಳನ್ನು ಮೇಲೆತ್ತಿ ಹಿಡಿದು ನನ್ನ ಫಾರಂಗಳ ಕಡೆ ಬಗ್ಗಿದರು.

"ಅರ್ಜಿ ಇದ್ರಾಗೇ ಐತಾ? ಎಲ್ಲಿ ಒತ್ಲಿ ಹೇಳವ್ವ."